ಹೊಸ ಟರ್ಬೊ, ಹಳೆಯ ಕಟ್ಟೆ

ಒಸ್ವಾಲ್ಡನ ಗ್ಯಾರೇಜಿಗೆ ಬಂದವರು ಗಾಡಿಗೆ ಏನಾಗಿದೆ ಎಂದು ಹೇಳಿದರೆ ಸಾಲದು, ಮಾಡಿ ತೋರಿಸಬೇಕಿತ್ತು.

"ಎಂತ ಶಬ್ದ ಬರ್ತದೆ, ಒಮ್ಮೆ ಬಾಯಲ್ಲಿ ಮಾಡಿ ನೋಡುವ" ಎಂದು ಅವನು ಕೈ ಒರೆಸಿಕೊಂಡು ಎದುರು ನಿಲ್ಲುತ್ತಿದ್ದ. ಅಡಿಕೆ ವ್ಯಾಪಾರಿಗಳು ಗಂಟಲಲ್ಲಿ ಗೊರಗೊರ ಎನ್ನುತ್ತಿದ್ದರು. ರಬ್ಬರ್ ತೋಟದ ಯಜಮಾನರು ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಲ್ಲು ಕಚ್ಚಿ ಕಿರ್‌ರ್ ಎನ್ನುತ್ತಿದ್ದರು. ಇಗರ್ಜಿಯ ಪಾದ್ರಿಗಳಂತೂ ಒಮ್ಮೆ ತಮ್ಮ ವ್ಯಾನಿನ ಕೆಟ್ಟ ಬೇರಿಂಗನ್ನು ಎಷ್ಟು ಚೆನ್ನಾಗಿ ಹಾಡಿದರೆಂದರೆ ಒಸ್ವಾಲ್ಡ್ ಬಾನೆಟ್ಟು ತೆಗೆಯದೆಯೇ ಸ್ಪ್ಯಾನರು ಎತ್ತಿಕೊಂಡಿದ್ದ. ಶಬ್ದ ಕೇಳಿ ಅರ್ಧ, ಬಿಚ್ಚಿ ನೋಡಿ ಇನ್ನರ್ಧ. ಹಾಗೆ ಕಾಯಿಲೆ ಹಿಡಿಯುತ್ತಿದ್ದ. ಅವನದೇನೂ ಕಂಡು ಕಲಿತ ವಿದ್ಯೆ ಮಾತ್ರವಲ್ಲ. ಕಾಸರಗೋಡಿನಲ್ಲಿ ಬಿ.ಎಸ್ಸಿ. ಮಾಡಿ, ಮಂಗಳೂರಿನಲ್ಲಿ ಎಂಜಿನಿನ ಕೆಲಸ ಕಲಿತು, ‘ಬಿಎಸ್ಸಿಯಿಂದ ಬಿಸಿಗೆ ಬಂದವ ನಾನು’ ಎಂದು ತಾನೇ ಹೇಳಿಕೊಂಡು ತಿರುಗುವ ಜಂಬದವನು. ಮುಳ್ಳೇರಿಯದಲ್ಲಿ ಗ್ಯಾರೇಜು ಯಾಕೆ ಹಾಕಿದೆ ಎಂದು ಕೇಳಿದರೆ, "ಊರಿನ ಹೆಸರಲ್ಲೇ ಮುಳ್ಳುಂಟು, ಏರೂ ಉಂಟು. ಮುಳ್ಳಿಗೆ ಪಂಕ್ಚರು, ಏರಿಗೆ ಎಂಜಿನು. ಊಟಕ್ಕೆ ಮತ್ತೆಂತ ಬೇಕು?" ಎನ್ನುತ್ತಿದ್ದ.

ಬಾಯಲ್ಲಿ ಗಾಡಿ ಓಡಿಸುವುದರಲ್ಲಿ ಅವನ ಗಿರಾಕಿಗಳ ಪೈಕಿ ಗೌರೀಶಂಕರನನ್ನು ಮೀರಿಸಿದವರಿಲ್ಲ. ಮೀರಿಸುವುದು ಹೇಗೆ? ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಬ್ಬರೂ ಜೋಡಿ. ಒಸ್ವಾಲ್ಡ್ ಪ್ರಿನ್ಸಿಪಾಲರಾದರೆ ಗೌರೀಶಂಕರ ಪ್ರಿನ್ಸಿಪಾಲರ ಸ್ಕೂಟರು. ಆ ಸ್ಕೂಟರು ಸ್ಟಾರ್ಟ್ ಆಗದೆ ಕೆಮ್ಮಿ, ಸೀನಿ, ಕೊನೆಗೆ ಅಳತೊಡಗಿದಾಗ ಎದುರಿನ ಸಾಲಿನಲ್ಲಿದ್ದ ನಿಜವಾದ ಪ್ರಿನ್ಸಿಪಾಲರೇ ಕಣ್ಣೊರೆಸಿಕೊಂಡಿದ್ದರು. ಈಗ ಗೌರೀಶಂಕರ ಊರಿನ ದೇವಸ್ಥಾನದ ಅರ್ಚಕ. ಮನೆಮನೆಯ ಪೂಜೆ, ಹೋಮಗಳಿಗೆ ಹೋಗಲು ಒಂದು ಕಾರು ಬೇಕೆಂದಾಗ ಹಳೆಯ ಟರ್ಬೊ ಡೀಸೆಲ್ ಕಾರೊಂದನ್ನು ಹುಡುಕಿ, ನೋಡಿ, ಓಡಿಸಿ, "ಕಣ್ಣು ಮುಚ್ಚಿ ತಗೋ, ನಾನಿದ್ದೇನೆ" ಎಂದವನು ಒಸ್ವಾಲ್ಡನೇ.

ಎರಡು ಸಾವಿರದ ಹದಿನಾರರ ದೀಪಾವಳಿ ಕಳೆದು ಕೆಲವು ದಿನಗಳಾಗಿದ್ದವು. ಒಂದು ಬೆಳಿಗ್ಗೆ ಆ ಕಾರು ನೀಲಿ ಹೊಗೆ ಬಿಡುತ್ತಾ ಗ್ಯಾರೇಜಿನ ಎದುರು ಬಂದು ನಿಂತಿತು.

"ಎಂತ ಭಟ್ರೇ, ಶುರು ಮಾಡಿ" ಎಂದ ಒಸ್ವಾಲ್ಡ್, ನಗಲು ತಯಾರಾಗಿ.

ಗೌರೀಶಂಕರ ಶಬ್ದ ಮಾಡಲಿಲ್ಲ. ಕೀ ಚಾಚಿದ. "ಪುನಃ ಅದೇ. ಸಮದಲ್ಲಿ ಓಡ್ತದೆ. ಏರುವ ಚಡವು ಬಂದ ಕೂಡ್ಲೆ ಹರತಾಳ. ನೀನೇ ನೋಡು."

"ಟರ್ಬೊ ಹಾಕಿ ಆರು ತಿಂಗಳು ಆಗ್ಲಿಲ್ಲವಲ್ಲ ಮಾರಾಯ."

"ಅದೇ ನಾನೂ ಹೇಳುವುದು."

ಮೊದಲ ಟರ್ಬೊ ಹೋದದ್ದು ಮಳೆಗಾಲದ ಮುಂಚೆ. ಆಗ ಇದೇ ಗೌರೀಶಂಕರ ಇದೇ ಜಾಗದಲ್ಲಿ ನಿಂತು, ಏರಿನಲ್ಲಿ ಉಸಿರು ಸಿಗದ ಕಾರನ್ನೂ ಹಿಂದಿನಿಂದ ಬೈಯುವ ಬಸ್ಸಿನ ಡ್ರೈವರನನ್ನೂ ಒಟ್ಟೊಟ್ಟಿಗೆ ಮಾಡಿ ತೋರಿಸಿದ್ದ. ಇಬ್ಬರೂ ಹೊಟ್ಟೆ ಹಿಡಿದು ನಕ್ಕ ನಂತರ ಕೆಲಸ ಶುರುವಾಗಿತ್ತು. ಕಾರು ಹಳೆಯದು, ಹಿಂದಿನವನು ಹೇಗೆ ಓಡಿಸಿದ್ದನೋ ಏನೋ ಎಂದು ಒಸ್ವಾಲ್ಡ್ ಸಮಾಧಾನ ಮಾಡಿಕೊಂಡಿದ್ದ. ತಾನೇ ಮಂಗಳೂರಿಗೆ ಹೋಗಿ ಹೊಸ ಟರ್ಬೊ ತಂದಿದ್ದ. ಅದಕ್ಕೆ ಆಯಿಲು ಕೊಡುವ ಪೈಪನ್ನೂ ಹೊಸದು ಹಾಕಿ, ಎಂಜಿನಿನ ಆಯಿಲನ್ನು ಪೂರ್ತಿ ಬದಲಿಸಿ, ಗೌರೀಶಂಕರನಿಗೆ ಪಾಠವನ್ನೂ ಮಾಡಿದ್ದ. "ನೋಡು, ಈ ಟರ್ಬೊ ಅಂದ್ರೆ ಎಂಜಿನಿನ ಎಂಜಲು ಉಂಡು ಬದುಕುವ ವಸ್ತು. ಹೊರಗೆ ಹೋಗುವ ಹೊಗೆ ಇದರ ಚಕ್ರ ತಿರುಗಿಸ್ತದೆ, ಚಕ್ರ ಒಳಗೆ ಗಾಳಿ ಒತ್ತುತ್ತದೆ, ಗಾಳಿ ಹೆಚ್ಚಾದಷ್ಟು ಕಾರಿಗೆ ಶಕ್ತಿ. ಆದ್ರೆ ಏರು ಹತ್ತಿ ಬಂದ ಕೂಡ್ಲೆ ಕೀ ತಿರುಗಿಸಿ ಆಫ್ ಮಾಡ್ಬಾರ್ದು. ಒಂದೆರಡು ನಿಮಿಷ ಸುಮ್ನೆ ಓಡ್ತಾ ಇರ್ಲಿ, ಮೈ ತಣಿಯಲಿ, ಆಮೇಲೆ ಆಫ್ ಮಾಡು."

ಈಗ ಅವನು ಮತ್ತೆ ಮೊದಲಿನಿಂದ ಶುರು ಮಾಡಿದ. ಗಾಳಿಯ ಫಿಲ್ಟರು ತೆಗೆದು ನೋಡಿದ, ಚೊಕ್ಕ ಇತ್ತು. ಗಾಳಿ ಹೋಗುವ ದಪ್ಪ ಪೈಪುಗಳಿಗೆ ಸಾಬೂನು ನೀರು ಹಚ್ಚಿ ಎಂಜಿನು ಏರಿಸಿದ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಟರ್ಬೊವನ್ನು ಹಿಡಿತದಲ್ಲಿಡುವ ಸಣ್ಣ ರಬ್ಬರ್ ಪೈಪನ್ನು ಇಲಿ ಕಡಿದಿದೆಯೋ ಎಂದು ಬೆರಳಿನಲ್ಲಿ ಸವರಿ ನೋಡಿದ, ಅದೂ ಸರಿಯಿತ್ತು. ಸ್ಕ್ಯಾನರು ಚುಚ್ಚಿದರೆ ಅದು ‘ಗಾಳಿಯ ಒತ್ತಡ ಕಮ್ಮಿ’ ಎಂದಿತು. ಅದು ಗೊತ್ತಿದ್ದದ್ದೇ. ಜ್ವರದವನಿಗೆ ಜ್ವರ ಉಂಟೆಂದು ಹೇಳಿದ ಹಾಗೆ. ಕೊನೆಗೆ ಟರ್ಬೊವಿನ ಬಾಯಿಯ ಪೈಪು ಕಳಚಿ ಒಳಗೆ ಬೆರಳಿಟ್ಟ. ಚಕ್ರ ಬೀಳಲಾದ ಹಲ್ಲಿನಂತೆ ಅಲ್ಲಾಡಿತು. ರೆಕ್ಕೆಗಳ ಅಂಚು ಗೋಡೆಗೆ ಉಜ್ಜಿ ಸವೆದಿತ್ತು, ತಳದಲ್ಲಿ ಆಯಿಲು ನಿಂತಿತ್ತು. ಆಯಿಲು ಬರುವ ಪೈಪನ್ನು ಬಿಚ್ಚಿದಾಗ ಅದರೊಳಗೆ ಬಾಣಲೆಯ ತಳ ಹಿಡಿದ ಬೆಲ್ಲದಂತೆ ಕರಿ ಕಟ್ಟಿತ್ತು.

ಅವನೇ ಹೊಯ್ದ ಆಯಿಲು. ಅವನೇ ಹಾಕಿದ ಪೈಪು. ಆಯಿಲಿನ ಪಂಪು ಸರಿಯಾಗಿ ಒತ್ತುತ್ತಿತ್ತು. ಹಾಗಿದ್ದರೆ ಆಯಿಲು ಒಳಗೆ ನಿಂತು ಬೆಂದದ್ದು ಹೇಗೆ?

"ಏರಿ ಬಂದ ಕೂಡ್ಲೆ ಆಫ್ ಮಾಡ್ತೀಯಾ?"

"ಇಲ್ಲ ಮಾರಾಯ. ನೀನು ಆವತ್ತು ಹೇಳಿದ್ದು ನೆನಪುಂಟು. ಅಂಗಳಕ್ಕೆ ಬಂದು, ಗೇಟು ಹಾಕಿ, ಕಾಲು ತೊಳೆದು ಬರುವವರೆಗೂ ಓಡ್ತಾ ಇರ್ತದೆ. ಮನೆಯಲ್ಲಿ ಗಂಗಾ ಬೈತಾಳೆ, ಡೀಸೆಲೆಂತ ಬಾವಿಯಿಂದ ಸೇದುವುದಾ ಅಂತ."

"ಪೂಜೆಗೆ ಹೋದಲ್ಲಿ?"

"ಅಲ್ಲಿಯೂ ಹಾಗೆ. ಪೂಜೆ ಮಾಡಿಸುವವರು ಒಳಗೆ ಕಾಯ್ತಿದ್ರೂ ನಾನು ಹೊರಗೆ ಕಾರಿನೊಟ್ಟಿಗೆ ನಿಲ್ತೇನೆ."

ಸುಳ್ಳು ಹೇಳುವ ಮುಖವಲ್ಲ ಅದು. ಒಸ್ವಾಲ್ಡ್ ಪೈಪನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದ. ಆಗ ಗೌರೀಶಂಕರ ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಮಂತ್ರ ಹೇಳುವಾಗ ಬಳಸುವ ತಗ್ಗಿದ ಸ್ವರದಲ್ಲಿ ಕೇಳಿದ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಆ ಟರ್ಬೊ ಹೊಸತೇ ಅಲ್ವಾ?"

ಒಸ್ವಾಲ್ಡ್ ಪೈಪನ್ನು ಕೆಳಗಿಟ್ಟ. "ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಹರಿನಾರಾಯಣ ಮಾಷ್ಟ್ರು ಸುಮ್ನೆ ಮಾತಿಗೆ, ಮಂಗಳೂರಿನಲ್ಲಿ ಹಳೆಯದಕ್ಕೆ ಪಾಲಿಶ್ ಹೊಡೆದು ಹೊಸ ಪೆಟ್ಟಿಗೆಯಲ್ಲಿ ಕೊಡ್ತಾರೆ ಅಂತ..."

"ಯಾರೂ ಹೇಳಿಲ್ಲ ಅಂತ ಮಾಷ್ಟ್ರು ಹೇಳಿದ್ರಾ?"

"ನಿನಗೆ ಗೊತ್ತಿದ್ದು ಕೊಟ್ಟದ್ದು ಅಂತ ನಾನು ಹೇಳ್ತಾ ಇಲ್ಲ ಒಸ್ವಾಲ್ಡಾ. ನಿನಗೇ ಮೋಸ ಆಗಿರ್ಬಹುದಲ್ಲ."

"ಹೊಸ ಯಾವುದು, ಪಾಲಿಶ್ ಯಾವುದು ಅಂತ ಗೊತ್ತಾಗದಿದ್ರೆ ನಾನು ಈ ಶೀಟಿನ ಅಡಿಯಲ್ಲಿ ಎಣ್ಣೆಯಲ್ಲಿ ಚಟ್ಟಂಬಡೆ ಕಾಯಿಸ್ತಿದ್ದೆ."

ಮಾತು ಅಲ್ಲಿಗೆ ಮುಗಿಯಿತು, ಆದರೆ ಒಸ್ವಾಲ್ಡನೊಳಗೆ ಮುಗಿಯಲಿಲ್ಲ. ಹೊಸದೆಂದು ಹೇಳಿ ಹಳೆಯದನ್ನು ಕೂರಿಸಿದವನೆಂಬ ಹೆಸರು ಒಮ್ಮೆ ಬಂದರೆ ಸಣ್ಣ ಪೇಟೆಯಲ್ಲಿ ಗ್ಯಾರೇಜಿನ ಬಾಗಿಲು ತೆರೆದೂ ಮುಚ್ಚಿದಂತೆ. ಅದನ್ನಾದರೂ ಅವನು ಜಗಳವಾಡಿ ಜಯಿಸಿಯಾನು. ಆದರೆ ಕೇಳಿದ್ದು ಮಾಷ್ಟ್ರಲ್ಲ, ಗೌರೀಶಂಕರ. ‘ಕಣ್ಣು ಮುಚ್ಚಿ ತಗೋ’ ಎಂದದ್ದಕ್ಕೆ ಕಣ್ಣು ಮುಚ್ಚಿದ್ದವನು ಈಗ ಒಂದು ಕಣ್ಣು ತೆರೆದಿದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ಆನ್ಸಿಲ್ಲಾ ಗಂಡನ ಮುಖ ನೋಡಿದಳು. ಅವನು ಎಲ್ಲವನ್ನೂ ಹೇಳಿದ, ಗೌರೀಶಂಕರನ ತಗ್ಗಿದ ಸ್ವರದ ಸಮೇತ.

"ಕಾರು ಇಲ್ಲಿ ನಿಂತುಕೊಂಡು ಕಾಯಿಲೆ ಹೇಳ್ತದಾ?" ಎಂದಳು ಅವಳು, ಅನ್ನಕ್ಕೆ ಮೀನಿನ ಸಾರು ಹಾಕುತ್ತಾ. "ನೀವು ಅವರೊಟ್ಟಿಗೆ ಕೂತು ಅವರ ಮನೆಯವರೆಗೆ ಒಮ್ಮೆ ಹೋಗಿ ಬನ್ನಿ. ಮಾತಾಡದೆ ಕೂತ್ಕೊಳ್ಳಿ. ನಿಮಗೆ ಅದು ಕಷ್ಟ, ಆದ್ರೂ."

ಮರುದಿನ ಕಾರನ್ನು ಹೇಗೋ ಜೋಡಿಸಿ, ಗೌರೀಶಂಕರನನ್ನೇ ಸ್ಟಿಯರಿಂಗಿನ ಹಿಂದೆ ಕೂರಿಸಿ, ಒಸ್ವಾಲ್ಡ್ ಪಕ್ಕದಲ್ಲಿ ಕೂತ. ಮುಳ್ಳೇರಿಯದಿಂದ ಒಳಗೆ ಹೋಗುವ ಆ ದಾರಿಯಲ್ಲಿ ನೆಲ್ಲಿಪಾದೆಯ ಚಡವು ದೊಡ್ಡದು. ಬುಡದಿಂದಲೇ ಕಾರು ಏದುಸಿರು ಬಿಡತೊಡಗಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಆಕ್ಸಿಲರೇಟರನ್ನು ತಳದವರೆಗೆ ಒತ್ತಿದರೂ ಹೊಗೆ ಬಂತಲ್ಲದೆ ವೇಗ ಬರಲಿಲ್ಲ. ತಲೆಯಲ್ಲಿ ಹುಲ್ಲಿನ ಕಟ್ಟು ಹೊತ್ತ ಹೆಂಗಸೊಬ್ಬಳು ಕಾರನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡಿ ನಕ್ಕಳು. ಹಿಂದಿನ ದಿನಗಳಾಗಿದ್ದರೆ ಇಬ್ಬರಿಗೂ ಇದು ಒಂದು ತಿಂಗಳ ನಗುವಿಗೆ ಸಾಕಾಗುತ್ತಿತ್ತು. ಗೌರೀಶಂಕರ ಎದುರು ನೋಡುತ್ತಾ ಓಡಿಸಿದ. ಆನ್ಸಿಲ್ಲಾ ಹೇಳಿದ್ದು ನೆನಪಾಗಿ ಒಸ್ವಾಲ್ಡನೂ ಸುಮ್ಮನಿದ್ದ.

ಚಡವಿನ ನೆತ್ತಿಯಲ್ಲಿ, ಪಾಲೆಯ ಮರದ ಅಡಿಯಲ್ಲಿ, ಗುಳಿಗ ದೈವದ ಕಟ್ಟೆ. ನಾಲ್ಕು ಕಲ್ಲು, ಮೇಲೊಂದು ಕಲ್ಲು, ಎದುರಿಗೆ ಆರಿದ ಹಣತೆ. ಗೌರೀಶಂಕರ ಕಾರನ್ನು ಎಡಕ್ಕೆ ತಂದು ನಿಲ್ಲಿಸಿ, ಕೀ ತಿರುಗಿಸಿ, ಕೈ ಮುಗಿದು ಕಣ್ಣು ಮುಚ್ಚಿದ.

ಒಸ್ವಾಲ್ಡ್ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಸುಮ್ಮನಾದ. ಅವನಿಗೆ ಇದು ಹೊಸದಲ್ಲ. ಕಾಲೇಜಿನ ದಿನಗಳಲ್ಲಿ ಗೌರೀಶಂಕರನ ಅಪ್ಪನ ಜೀಪಿನಲ್ಲಿ ಈ ದಾರಿಯಲ್ಲಿ ಬರುವಾಗ ಪ್ರತಿ ಸಲವೂ ಇಲ್ಲಿ ಜೀಪು ನಿಲ್ಲುತ್ತಿತ್ತು, ಎಲ್ಲರ ಬಾಯಿಯೂ ನಿಲ್ಲುತ್ತಿತ್ತು, ಇಗರ್ಜಿಗೆ ಹೋಗುವ ಒಸ್ವಾಲ್ಡನದೂ. ಅದು ಆ ದಾರಿಯ ಒಂದು ತಿರುವಿನಷ್ಟೇ ಸಹಜವಾಗಿತ್ತು. ಪಾಲೆಯ ಎಲೆಗಳಲ್ಲಿ ಗಾಳಿ ಆಡಿತು. ಆ ನಿಶ್ಶಬ್ದದಲ್ಲಿ ಬಾನೆಟ್ಟಿನ ಅಡಿಯಿಂದ ಸಣ್ಣಗೆ ಒಂದು ಸದ್ದು ಬರುತ್ತಿತ್ತು. ಟಿಕ್. ಟಿಕ್. ಟಿಕ್. ಕೆಂಪಗೆ ಕಾದ ಕಬ್ಬಿಣ ತಣಿಯಲು ಜಾಗ ಸಿಗದೆ ಒಳಗೊಳಗೇ ಬಿರಿಯುವ ಸದ್ದು.

ಒಸ್ವಾಲ್ಡ್ ಕೀಯನ್ನು ನೋಡಿದ. ಕಟ್ಟೆಯನ್ನು ನೋಡಿದ. ಮತ್ತೆ ಕೀಯನ್ನು ನೋಡಿದ.

ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ.

ಅದು ಗೇಲಿಯ ನಗುವಾಗಿರಲಿಲ್ಲ. ರಾತ್ರಿ ನಿದ್ದೆಗೆಡಿಸಿದ್ದ ಭಾರ ಎದೆಯಿಂದ ಇಳಿದಾಗ ಬರುವ ನಗು. ಟರ್ಬೊ ಹೊಸದೇ, ಆಯಿಲು ಒಳ್ಳೆಯದೇ, ತಾನು ಕಳ್ಳನಲ್ಲ ಎಂಬುದು ಈ ಟಿಕ್ ಟಿಕ್‌ನಲ್ಲಿ ಸಾಬೀತಾಗಿತ್ತು. ಆದರೆ ಕಣ್ಣು ಮುಚ್ಚಿ ಕೈಮುಗಿದವನ ಕಿವಿಗೆ ನಗು ಬಿದ್ದಾಗ ಅದರ ಮೇಲೆ ಕಾರಣ ಬರೆದಿರುವುದಿಲ್ಲ. ಗೌರೀಶಂಕರ ಕಣ್ಣು ತೆರೆದ.

"ಎಂತ?"

"ಸಿಕ್ಕಿತು ಮಾರಾಯ. ನಿನ್ನ ಟರ್ಬೊ ತಿಂದದ್ದು ಯಾರು ಅಂತ ಸಿಕ್ಕಿತು. ನೀನು ಆಫ್ ಮಾಡುವುದಿಲ್ಲ ಅಂದೆಯಲ್ಲ, ಈಗ ಮಾಡಿದ್ದು ಎಂತ?"

"ಇದು ಆಫ್ ಮಾಡಿದ್ದಲ್ಲ. ಇದು ಗುಳಿಗನಿಗೆ ನಿಲ್ಲಿಸಿದ್ದು."

"ಟರ್ಬೊಗೆ ಅದು ಹೇಗೆ ಗೊತ್ತಾಗ್ಬೇಕು? ಇಡೀ ಚಡವು ಹತ್ತಿ ಅದರ ಮೈ ಕೆಂಡ ಆಗಿಯುಂಟು. ಚಕ್ರ ಇನ್ನೂ ತಿರುಗ್ತಾ ಉಂಟು. ನೀನು ಕೀ ತಿರುಗಿಸಿದ ಕೂಡ್ಲೆ ಆಯಿಲಿನ ಪಂಪು ನಿಂತಿತು. ಒಳಗೆ ಇದ್ದ ಎರಡು ಹನಿ ಆಯಿಲು ಆ ಬಿಸಿಗೆ ಸುಟ್ಟು ಕರಿ ಆಯ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ದಿನಾ. ಹೊಸತಲ್ಲ, ಚಿನ್ನದ್ದು ಹಾಕಿದ್ರೂ ಉಳಿಲಿಕ್ಕಿಲ್ಲ."

ಗೌರೀಶಂಕರ ಕಟ್ಟೆಯ ಕಡೆಗೆ ಕೈ ತೋರಿಸಿದ. "ಅಪ್ಪ ಅಷ್ಟು ವರ್ಷ ಜೀಪು ನಿಲ್ಲಿಸಿದ್ದು ಇಲ್ಲಿಯೇ. ಅದಕ್ಕೆ ಎಂತ ಆಗ್ಲಿಲ್ಲ."

"ಜೀಪಿಗೆ ಟರ್ಬೊ ಇರ್ಲಿಲ್ಲ."

"ಅಜ್ಜ ಎತ್ತಿನ ಗಾಡಿಯ ನೊಗ ಇಳಿಸ್ತಿದ್ದದ್ದೂ ಇಲ್ಲಿಯೇ."

"ಅದೇ ನೋಡು. ಚಡವು ಹತ್ತಿದ ಎತ್ತಿಗೆ ಇಲ್ಲಿ ಉಸಿರು ಕೊಟ್ಟದ್ದು. ನೀನು ಅದೇ ಜಾಗದಲ್ಲಿ ಇದರ ಉಸಿರು ತೆಗೆದೆ."

ಮಾತು ಚೆನ್ನಾಗಿ ಕೂತಿತೆಂದು ಒಸ್ವಾಲ್ಡನಿಗೆ ಖುಷಿಯಾಯಿತು. ಗೌರೀಶಂಕರನಿಗೆ ಆಗಲಿಲ್ಲ.

"ಅಂದ್ರೆ ನಮ್ಮ ಗುಳಿಗ ನಿನ್ನ ಟರ್ಬೊ ತಿಂದ ಅಂತ ಊರಿಗೆ ಹೇಳ್ತೀಯಾ?"

"ಗುಳಿಗ ಯಾಕೆ ತಿನ್ನುದು? ನಿನ್ನ ಕೀ ತಿಂದದ್ದು. ಇಲ್ಲಿ ನಿಲ್ಲು, ಬೇಡ ಅಂದವರು ಯಾರು? ಎಂಜಿನು ಓಡ್ತಾ ಇರ್ಲಿ, ನೀನು ಬೇಕಾದಷ್ಟು ಹೊತ್ತು ಕೈಮುಗಿ."

"ಎಂಜಿನಿನ ಬೊಬ್ಬೆಯಲ್ಲಿ ಕೈಮುಗಿಯುದಾ? ನಿಮ್ಮ ಇಗರ್ಜಿಯಲ್ಲಿ ಪೂಜೆ ಆಗುವಾಗ ಜನರೇಟರನ್ನು ಒಳಗೆ ತಂದು ಇಡ್ತಾರಾ?"

ನಿಮ್ಮ ಇಗರ್ಜಿ. ಒಸ್ವಾಲ್ಡ್ ಆ ಮಾತನ್ನು ಕೇಳಿಸಿಕೊಂಡ. ಇಬ್ಬರ ನಡುವೆ ಕ್ರಿಸ್ತುವನಿಗೆ ಪೊರ್ಬು, ಬ್ರಾಹ್ಮಣನಿಗೆ ಭಟ್ಟ ಎಂದೆಲ್ಲ ಕರೆದಾಡಿಕೊಂಡು ಎಷ್ಟೋ ವರ್ಷಗಳಾಗಿದ್ದವು. ‘ನಿಮ್ಮ’ ಎಂಬುದು ಈವರೆಗೆ ಬಂದಿರಲಿಲ್ಲ.

"ನೋಡುವ" ಎಂದ ಗೌರೀಶಂಕರ, ಕಾರನ್ನು ಸ್ಟಾರ್ಟ್ ಮಾಡುತ್ತಾ. "ಸೋಮವಾರ ತಂದು ಬಿಡ್ತೇನೆ. ಇನ್ನೊಂದು ಹಾಕು."

ಅಂದರೆ ನಂಬಿದ್ದಾನೆ ಎಂದುಕೊಂಡ ಒಸ್ವಾಲ್ಡ್. ನಿಜವಾಗಿಯೂ ಆ ಹೊತ್ತಿಗೆ ಗೌರೀಶಂಕರ ನಂಬಿಯೂ ಇದ್ದ. ಸೋಮವಾರದವರೆಗೆ ಒಸ್ವಾಲ್ಡ್ ಸುಮ್ಮನಿದ್ದಿದ್ದರೆ ಸಾಕಿತ್ತು.

ಆದರೆ ಸೋಮವಾರಕ್ಕೆ ಮುಂಚೆ ಆದಿತ್ಯವಾರ ಬರುತ್ತದೆ. ಇಗರ್ಜಿಯಲ್ಲಿ ಬಲಿಪೂಜೆ ಮುಗಿಸಿ, ಇಸ್ತ್ರಿ ಹಾಕಿದ ಅಂಗಿಯಲ್ಲಿ ಒಸ್ವಾಲ್ಡ್ ಕೂಸಪ್ಪನ ಹೋಟೆಲಿಗೆ ಚಾ ಕುಡಿಯಲು ಬಂದಾಗ ಹರಿನಾರಾಯಣ ಮಾಷ್ಟ್ರು ಗೋಳಿಬಜೆಯ ತಟ್ಟೆಯೆದುರು ಕೂತಿದ್ದರು. ನಿವೃತ್ತರಾದ ಮೇಲೆ ಮಾಷ್ಟ್ರಿಗೆ ಮಕ್ಕಳಿರಲಿಲ್ಲ ಪರೀಕ್ಷೆ ಮಾಡಲು. ಸಿಕ್ಕಿದವರನ್ನು ಮಾಡುತ್ತಿದ್ದರು.

"ಬಾ ಒಸ್ವಾಲ್ಡ್. ಎಂತದು, ಆ ಗೌರೀಶಂಕರನ ಕಾರಿಗೆ ನೀನು ಹಾಕಿದ ಟರ್ಬೊ ಮಳೆಗಾಲ ಕಳೆಯುವಾಗ ಮುಗಿಯಿತಂತೆ. ನಮ್ಮ ಮನೆಯ ಕೊಡೆ ಅದಕ್ಕಿಂತ ಹೆಚ್ಚು ಬಾಳಿಕೆ ಬರ್ತದೆ."

ಬೆಂಚಿನಲ್ಲಿದ್ದವರು ನಕ್ಕರು. ಕೂಸಪ್ಪ ಚಾ ಎತ್ತಿ ಹೊಯ್ಯುವುದನ್ನು ನಿಲ್ಲಿಸಿ, "ಬಿಡಿ ಮಾಷ್ಟ್ರೇ, ಒಸ್ವಾಲ್ಡಣ್ಣ ಹಾಗೆಲ್ಲ ಮಾಡುವವರಲ್ಲ" ಎಂದ. ಹಾಗೆಲ್ಲ ಎಂದರೆ ಹೇಗೆಲ್ಲ ಎಂದು ಯಾರೂ ಕೇಳಲಿಲ್ಲ. ಅಂದರೆ ಎಲ್ಲರಿಗೂ ಗೊತ್ತಾಗಿತ್ತು. ಮಾತು ಆಗಲೇ ಊರು ಸುತ್ತಿ ಬಂದು ಬೆಂಚಿನಲ್ಲಿ ಕೂತಿತ್ತು.

ಒಸ್ವಾಲ್ಡ್ ಚಾದ ಗ್ಲಾಸು ಕೆಳಗಿಟ್ಟ. ಅವನಿಗೆ ಹೇಳಬೇಕಿದ್ದದ್ದು ಒಂದೇ ಒಂದು ವಾಕ್ಯ. ಅವನು ಎದ್ದು ನಿಂತು ಮಾಡಿ ತೋರಿಸಿದ.

ಮೊದಲು ಬೆಂಚಿನ ತುದಿಯಲ್ಲಿ ಡ್ರೈವರನಂತೆ ಕೂತು ಚಡವು ಹತ್ತಿದ. ಟರ್ಬೊದ ಶಿಳ್ಳೆ ಸಣ್ಣಗೆ ಶುರುವಾಗಿ ಏರಿತು, ಏರಿನ ಮಧ್ಯೆ ಒಡೆದ ಕೊಳಲಿನಂತೆ ಗಾಳಿ ಬಿಟ್ಟಿತು, ಕೆಮ್ಮಿತು. ನಂತರ ಕಟ್ಟೆ. ಅವನು ಕೀ ತಿರುಗಿಸಿದ. ಆಮೇಲೆ ಬಂದದ್ದು ಗೌರೀಶಂಕರನದೇ ಸ್ವರ. ಮೂಗಿನ ಬುಡದಿಂದ ಹೊರಡುವ ಆ ಮಂತ್ರದ ರಾಗ, ನಡುನಡುವೆ ಗಂಟಲು ಸರಿಮಾಡುವ ಅದೇ ಕೆಮ್ಮು, ಕಣ್ಣು ಮುಚ್ಚಿ ತಲೆ ಒಂಚೂರು ಎಡಕ್ಕೆ ಬಾಗಿಸುವ ಅದೇ ಭಂಗಿ. ಮಂತ್ರದ ಪ್ರತಿ ಸಾಲಿನ ಕೊನೆಗೂ ಬಾನೆಟ್ಟಿನ ಅಡಿಯಿಂದ ಟರ್ಬೊ ಕ್ಷೀಣವಾಗಿ "ಭಟ್ರೇ... ಎಣ್ಣೆ... ಭಟ್ರೇ... ಒಂದು ತೊಟ್ಟು ಎಣ್ಣೆ..." ಎಂದು ಬೇಡಿತು. ಭಟ್ಟರು ಅದನ್ನು ದೈವದ ನುಡಿಯೆಂದು ತಿಳಿದು ಕಟ್ಟೆಯ ಹಣತೆಗೆ ಎಣ್ಣೆ ಹೊಯ್ದರು. ಟರ್ಬೊ ಕೊನೆಯುಸಿರೆಳೆಯಿತು.

ಕೂಸಪ್ಪನ ಕೈಯಿಂದ ಸಕ್ಕರೆಯ ಚಮಚ ಬಿತ್ತು. ಮಾಷ್ಟ್ರಿಗೆ ಗೋಳಿಬಜೆ ಗಂಟಲಲ್ಲಿ ಸಿಕ್ಕಿ, ಇಬ್ಬರು ಬೆನ್ನು ಗುದ್ದಬೇಕಾಯಿತು. "ಭಕ್ತಿ ಹೆಚ್ಚಾಗಿ ಶಕ್ತಿ ಹೋದ ಕೇಸು, ಮಾಷ್ಟ್ರೇ" ಎಂದು ಒಸ್ವಾಲ್ಡ್ ಮುಗಿಸಿದ. ಇನ್ನೊಮ್ಮೆ ಇನ್ನೊಮ್ಮೆ ಎಂದರು. ಅವನು ಇನ್ನೊಮ್ಮೆಯೂ ಮಾಡಿದ. ಎರಡನೆಯ ಸಲ ಮೂಲೆಯ ಬೆಂಚಿನಿಂದ ಯಾರೋ ಮೊಬೈಲು ಎತ್ತಿ ಹಿಡಿದಿದ್ದು ಕಂಡಿತು. ಮೊಬೈಲಿನ ಕಡೆಗೆ ಮುಖವನ್ನು ಸ್ವಲ್ಪ ತಿರುಗಿಸಿಯೂ ಕೊಟ್ಟ. ವೇದಿಕೆ ಹತ್ತಿ ಎಷ್ಟೋ ಕಾಲವಾಗಿತ್ತು.

ಮನೆಗೆ ಬಂದು ಆನ್ಸಿಲ್ಲಾಳಿಗೂ ತೋರಿಸಿದ. ಅವಳು ಬಾಗಿಲಿಗೆ ಒರಗಿ ಕೊನೆಯವರೆಗೆ ನೋಡಿದಳು. ನಗಲಿಲ್ಲ.

"ಟರ್ಬೊ ಹೊಸತು ಅಂತ ಹೇಳಿದ್ರಾ?"

ಒಸ್ವಾಲ್ಡ್ ಯೋಚಿಸಿದ. ಹೇಳಿರಲಿಲ್ಲ. ಹೋಟೆಲಿನಲ್ಲಿ ಅಷ್ಟೆಲ್ಲ ಆದದ್ದರಲ್ಲಿ ಅದೊಂದೇ ಆಗಿರಲಿಲ್ಲ.

ಸೋಮವಾರ ಕಾರು ಬರಲಿಲ್ಲ. ಮಂಗಳವಾರವೂ ಇಲ್ಲ. ಫೋನು ಮಾಡಿದರೆ ಗೌರೀಶಂಕರನ ಹೆಂಡತಿ ಗಂಗಾ ಎತ್ತಿದಳು. "ಅವರು ಪೂಜೆಯಲ್ಲಿ ಇದ್ದಾರೆ" ಎಂದಳು. ಮಧ್ಯಾಹ್ನವೂ ಪೂಜೆ, ಸಂಜೆಯೂ ಪೂಜೆ. ಮೂರನೆಯ ಸಲ ಅವಳೇ ಸ್ವರ ತಗ್ಗಿಸಿ, "ನನಗೆ ಯಾರೋ ಆ ವೀಡಿಯೊ ಕಳಿಸಿದ್ರು ಒಸ್ವಾಲ್ಡಣ್ಣ. ಅವರೂ ನೋಡಿದ್ರು. ಒಂದು ಮಾತೂ ಆಡ್ಲಿಲ್ಲ. ನೀವು ಇನ್ನು ಮಾಡ್ಬೇಡಿ" ಎಂದಳು. ಫೋನು ಮಾಡಬೇಡಿ ಎಂದಳೋ ಆ ಅಣಕವನ್ನೋ, ಅವನು ಕೇಳಲು ಹೋಗಲಿಲ್ಲ.

ವಾರ ಕಳೆದ ಮೇಲೆ ಎರಡು ಬೈಕಿನಲ್ಲಿ ನಾಲ್ಕು ಜನ ಬಂದರು. ಪರಿಚಯದ ಮುಖಗಳೇ. ಒಬ್ಬನ ಬೈಕಿನ ಕ್ಲಚ್ಚನ್ನು ಒಸ್ವಾಲ್ಡ್ ಹಿಂದಿನ ತಿಂಗಳು ಸರಿ ಮಾಡಿಕೊಟ್ಟಿದ್ದ. ಬೈಕುಗಳಿಂದ ಇಳಿಯದೆ, ನಗುನಗುತ್ತಲೇ ಕೇಳಿದರು.

"ಎಂತ ಒಸ್ವಾಲ್ಡಣ್ಣ, ಗುಳಿಗನ ಕಟ್ಟೆದು ನೀವು ಭಾರಿ ಲಾಯ್ಕ ಮಾಡ್ತೀರಂತೆ. ನಮಗೂ ಒಮ್ಮೆ ಮಾಡಿ ತೋರಿಸಿ."

ಒಸ್ವಾಲ್ಡ್ ಕೈಯಲ್ಲಿದ್ದ ಕಾರ್ಬುರೇಟರನ್ನು ನೋಡಿದ. "ಕೆಲಸ ಉಂಟು ಮಾರ್ರೆ."

"ಹೌದಾ. ಹಾಗಾದ್ರೆ ಕೆಲಸ ಮಾತ್ರ ಮಾಡಿ."

ಅಷ್ಟೇ. ಮತ್ತೆ ಅವರು ಬರಲಿಲ್ಲ. ಬರುವ ಅಗತ್ಯವಿರಲಿಲ್ಲ. ಗೌರೀಶಂಕರನ ಕಾರು ಟೆಂಪೊದ ಬಾಲ ಹಿಡಿದು ಮಂಗಳೂರಿಗೆ ಹೋಗಿ, ಅಲ್ಲಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಟರ್ಬೊ ಹಾಕಿಸಿಕೊಂಡು ಬಂದಿತೆಂಬ ಸುದ್ದಿ ಬಂತು. ಅದರ ಹಿಂದೆಯೇ ಊರಿನ ತೀರ್ಪೂ ಬಂತು. ಹಳೆಯ ಟರ್ಬೊ ಕೂರಿಸಿದ್ದು ಒಸ್ವಾಲ್ಡ್, ಸಿಕ್ಕಿಬಿದ್ದಾಗ ಬಾಯಿ ಮುಚ್ಚಿಸಲು ದೈವವನ್ನೂ ಭಟ್ಟರನ್ನೂ ಗೇಲಿ ಮಾಡಿದ್ದು ಅದೇ ಒಸ್ವಾಲ್ಡ್. ಎರಡು ಬೇರೆ ಬೇರೆ ವಿಷಯಗಳು ನಟ್ಟಿಗೆ ಬೋಲ್ಟಿನಂತೆ ಒಂದಕ್ಕೊಂದು ಎಷ್ಟು ಸರಿಯಾಗಿ ಕೂತಿದ್ದವೆಂದರೆ ಬಿಚ್ಚಲು ಯಾವ ಸ್ಪ್ಯಾನರೂ ಇರಲಿಲ್ಲ. ಪೈಪಿನಿಂದ ಸೋರುವ ಗಾಳಿಯನ್ನಾದರೆ ಸಾಬೂನು ನೀರಿನಲ್ಲಿ ಹಿಡಿಯುತ್ತಿದ್ದ. ಇದು ಬಾಯಿಯಿಂದ ಸೋರಿದ ಗಾಳಿ, ಅದರಲ್ಲಿ ಅರ್ಧ ಅವನದೇ.

ಗ್ಯಾರೇಜಿಗೆ ಜನ ಬರುವುದೇನೂ ನಿಲ್ಲಲಿಲ್ಲ. ಬಂದವರು ಬೇರೆ ರೀತಿ ಬಂದರು. ಪಂಕ್ಚರು, ಆಯಿಲು, ಬ್ರೇಕಿನ ಕೆಲಸಕ್ಕೆ ಬಂದರು. ಬಿಚ್ಚುವಾಗ ಪಕ್ಕದಲ್ಲಿ ಸ್ಟೂಲು ಹಾಕಿ ಕೂತರು. ಶಬ್ದ ಮಾಡಿ ತೋರಿಸಿ ಎಂದು ಅವನು ಕೇಳುವುದನ್ನು ಬಿಟ್ಟ. ಒಮ್ಮೆ ಅಭ್ಯಾಸಬಲದಿಂದ ಕೇಳಿದ್ದಕ್ಕೆ ಒಬ್ಬ ಗುತ್ತಿಗೆದಾರ, "ಯಾಕೆ, ನಾಳೆ ಕೂಸಪ್ಪನ ಹೋಟೆಲಲ್ಲಿ ನನ್ನದೂ ತೋರಿಸ್ಲಿಕ್ಕಾ?" ಎಂದಿದ್ದ. ಕೂಸಪ್ಪನ ಹೋಟೆಲಿನಲ್ಲಿ ಇನ್ನೊಮ್ಮೆ ಇನ್ನೊಮ್ಮೆ ಎಂದಿದ್ದವರು ಈಗ ಅವನು ಬಂದರೆ ಪೇಪರಿನ ಹಿಂದೆ ಮುಖ ಇಟ್ಟರು. ಮಾಷ್ಟ್ರಂತೂ, "ನಮ್ಮಲ್ಲಿ ಒಂದು ಮರ್ಯಾದೆ ಅಂತ ಉಂಟಲ್ಲ" ಎಂದು ಗೋಡೆಗೆ ಹೇಳಿದರು. ಗೋಳಿಬಜೆ ಈ ಸಲ ಗಂಟಲಲ್ಲಿ ಸಿಗಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ನೆಲ್ಲಿಪಾದೆಯ ಆಚೆಯಿಂದ ಕರೆ ಬಂತು. ಗೇರುಬೀಜ ಸಾಗಿಸುವ ಪೂವಪ್ಪನ ಪಿಕಪ್ಪು ನಿಂತುಹೋಗಿತ್ತು. ಒಸ್ವಾಲ್ಡ್ ಸ್ಪ್ಯಾನರುಗಳ ಚೀಲವನ್ನು ಬೈಕಿಗೆ ಕಟ್ಟಿ ಚಡವು ಹತ್ತಿದ.

ನೆತ್ತಿಯಲ್ಲಿ, ಪಾಲೆಯ ಮರದ ಅಡಿಯಲ್ಲಿ, ಆ ಕಾರು ನಿಂತಿತ್ತು. ಗೌರೀಶಂಕರ ಕೈ ಮುಗಿದು ಕಣ್ಣು ಮುಚ್ಚಿದ್ದ. ಎಂಜಿನು ಓಡುತ್ತಿತ್ತು.

ಒಸ್ವಾಲ್ಡ್ ಬೈಕನ್ನು ನಿಲ್ಲಿಸಿ ಕಾದ. ಕಿವಿ ತನ್ನಷ್ಟಕ್ಕೆ ಕೆಲಸ ಮಾಡಿತು. ಟರ್ಬೊ ಸರಿಯಿದೆ, ಆಯಿಲು ಹೋಗುತ್ತಿದೆ, ಒಂದು ಸಣ್ಣ ಬೆಲ್ಟು ಮಾತ್ರ ಬದಲಿಸುವ ಹೊತ್ತಾಗಿದೆ. ಗೌರೀಶಂಕರ ಕಣ್ಣು ತೆರೆದು ಅವನನ್ನು ಕಂಡ. ಮುಖ ತಿರುಗಿಸಲಿಲ್ಲ. ಗಾಜು ಕೆಳಗಿಳಿಸಿದ.

"ಓಡ್ತಾ ಇರ್ಲಿ ಅಂತ ಮಂಗಳೂರಿನ ಎಂಜಿನಿಯರ್ ಹೇಳಿದ್ರು" ಎಂದ.

"ನಾನೂ ಹೇಳಿದ್ದೆ. ಇದೇ ಜಾಗದಲ್ಲಿ."

"ನೀನು ನಗಾಡಿ ಹೇಳಿದೆ."

"ತಪ್ಪಾಯ್ತು ಮಾರಾಯ. ಹೋಟೆಲಲ್ಲಿ ಮಾಡಿದ್ದೂ ತಪ್ಪೇ. ಮನೆಗೆ ಬಂದು ಹೇಳುವ ಅಂತಿದ್ದೆ, ನೀನು ಫೋನಿಗೇ ಸಿಗ್ಲಿಲ್ಲ."

ಎಂಜಿನಿನ ಸದ್ದು ಇಬ್ಬರ ನಡುವೆ ಓಡುತ್ತಿತ್ತು.

"ಒಂದು ಉಪಕಾರ ಮಾಡು" ಎಂದ ಒಸ್ವಾಲ್ಡ್. "ನನ್ನೊಟ್ಟಿಗೆ ಮಾತಾಡ್ಬೇಡ, ಗ್ಯಾರೇಜಿಗೆ ಬರ್ಬೇಡ. ಆದ್ರೆ ನಾನು ಹಾಕಿದ್ದು ಹೊಸ ಟರ್ಬೊ ಅಂತ ಒಂದೇ ಒಂದು ಸಲ ಮಾಷ್ಟ್ರ ಎದುರು ಹೇಳು. ನಿನಗೆ ಗೊತ್ತುಂಟಲ್ಲ. ಮಂಗಳೂರಿನವರೂ ಹೇಳಿರ್ಬೇಕಲ್ಲ."

"ಹೇಳಿದ್ದಾರೆ."

"ಮತ್ತೆ?"

ಗೌರೀಶಂಕರ ಕಟ್ಟೆಯ ಕಡೆಗೆ ನೋಡಿದ. "ಹೊಸತು ಅಂತ ಹೇಳಿದ್ರೆ, ಹೊಸತು ಹೇಗೆ ಹೋಯ್ತು ಅಂತ ಕೇಳ್ತಾರೆ. ಎಂತ ಹೇಳ್ಲಿ? ನಾನು ಇಲ್ಲಿ ಕೈಮುಗಿದು ಹಾಳು ಮಾಡಿದೆ ಅಂತ ಹೇಳ್ಲಾ? ಆ ವೀಡಿಯೊ ನೋಡಿದ ಊರಿಗೆ, ಹೌದು, ನಾನು ಅದೇ ಭಟ್ಟ, ಒಸ್ವಾಲ್ಡ್ ಮಾಡಿದ್ದೆಲ್ಲ ಸರಿ ಅಂತ ಹೇಳ್ಲಾ?"

"ಹಾಗಾದ್ರೆ ನಾನು ಕಳ್ಳ ಆಗಿಯೇ ಇರ್ಬೇಕಾ?"

"ನೀನು ಮಾಡಿ ತೋರಿಸದಿದ್ರೆ ನಾನು ಅಂದೇ ಮಾಷ್ಟ್ರಿಗೆ ಹೇಳ್ತಿದ್ದೆ ಒಸ್ವಾಲ್ಡಾ. ಸೋಮವಾರ ಬರುವಾಗ ದಾರಿಯಲ್ಲಿ ಹೇಳಿಯೇ ಬರುವ ಅಂತಿದ್ದೆ."

ಗಾಜು ಮೇಲೇರಿತು. ಕಾರು ಹೊಗೆಯ ಗುರುತೂ ಇಲ್ಲದೆ ಮುಂದೆ ಸರಿದು, ತಿರುವಿನಲ್ಲಿ ಮರೆಯಾಯಿತು. ಎಳೆತ ಚೆನ್ನಾಗಿತ್ತು.

ಒಸ್ವಾಲ್ಡ್ ಬೈಕನ್ನು ಮುಂದಕ್ಕೆ ಬಿಟ್ಟ. ಪೂವಪ್ಪ ಪಿಕಪ್ಪಿನ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಬಾನೆಟ್ಟು ತೆಗೆದು ನೋಡಿದರೆ ಡೀಸೆಲ್ ಪಂಪು ಹೋಗಿತ್ತು. ಹೊಸದು ಬೇಕಾಗುತ್ತದೆ ಎಂದ ಒಸ್ವಾಲ್ಡ್.

ಪೂವಪ್ಪ ಬೀಡಿಯ ತುದಿಯನ್ನು ಚಪ್ಪಲಿಯಡಿ ಹೊಸಕಿದ. ಒಳ್ಳೆಯ ಮನುಷ್ಯ, ಬೇಜಾರು ಮಾಡುವ ಉದ್ದೇಶ ಅವನ ಮುಖದಲ್ಲಿರಲಿಲ್ಲ.

"ಸಾಮಾನು ನಾನೇ ಮಂಗಳೂರಿನಿಂದ ತರ್ತೇನೆ ಒಸ್ವಾಲ್ಡಣ್ಣ. ಪೆಟ್ಟಿಗೆ ಇಲ್ಲಿಯೇ, ನಿಮ್ಮ ಎದುರೇ ಒಡೆಯುವ. ನೀವು ಕೂರಿಸಿ ಕೊಟ್ರೆ ಸಾಕು."

"ಆಯ್ತು" ಎಂದ ಒಸ್ವಾಲ್ಡ್. ಚೀಲ ಬಿಚ್ಚಿ, ಕೆಟ್ಟ ಪಂಪನ್ನು ಕಳಚಲು ಶುರು ಮಾಡಿದ. ಪೂವಪ್ಪ ಒಂದು ಕಲ್ಲನ್ನು ಎಳೆದು ತಂದು, ಅವನ ಕೈ ಚೆನ್ನಾಗಿ ಕಾಣುವ ಹಾಗೆ ಹತ್ತಿರದಲ್ಲೇ ಹಾಕಿಕೊಂಡು ಕೂತ.